ಮೇಡಂ ಕುಡಿಯುತ್ತಿದ್ದದ್ದು ಚಹಾ

ಆ ಸೋಮವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅವರು ಒಂದು ಕರೆಯನ್ನು ತಪ್ಪು ಮನೆಗೆ ಜೋಡಿಸಿದರು. ಸೊರಬದ ಟೆಲಿಫೋನ್ ಎಕ್ಸ್‌ಚೇಂಜಿನ ಗೋಡೆ ಗಡಿಯಾರ ನನ್ನ ಕಣ್ಣೆದುರಿಗೇ ಇದ್ದದ್ದರಿಂದ ಹೊತ್ತು ಮರೆತಿಲ್ಲ. ಅಡಿಕೆ ಮಂಡಿಗೆ ಹೋಗಬೇಕಾಗಿದ್ದ ಕರೆ ಕುಪ್ಪಗಡ್ಡೆಯ ಯಾರದೋ ಮನೆಯಲ್ಲಿ ರಿಂಗಾಯಿತು. ಆ ಕಡೆಯವರು ರೇಗಿದರು. ಇವರು ಸಾರಿ ಎನ್ನುವುದು ಬಿಟ್ಟು ನಕ್ಕುಬಿಟ್ಟರು. ಬೋರ್ಡಿನ ಮುಂದೆ ಕೂತು ಅವರು ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ತಿರುಗಿ ನೋಡಿದರೆ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈಯಲ್ಲಿದ್ದ ತಂತಿಯ ತುದಿ ತೂತಿಗೆ ಸಿಗದೆ ಬೋರ್ಡಿನ ಮೇಲೆ ಅಲೆದಾಡುತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರೆಂದು ತಿಳಿಯಿತು. ತಂಗಿಯ ಮನೆಯಲ್ಲಿ, ವಯಸ್ಸಾಗಿ, ಯಾರಿಗೂ ತೊಂದರೆ ಕೊಡದೆ ಹೋದರಂತೆ. ಸುದ್ದಿ ಕೇಳಿದಾಗಿನಿಂದ ಆ ಮಧ್ಯಾಹ್ನ ಮತ್ತೆ ತಲೆಯೊಳಗೆ ತಿರುಗಲು ಶುರುವಾಗಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಇನ್ನೊಬ್ಬರ ಬಾಯಲ್ಲಿ ಇದೆ ಎಂದರೇ ಅವರಿಗೆ ಅನುಮಾನ. ಊರಿಗೆ ಅವರು ಎಕ್ಸ್‌ಚೇಂಜ್ ಮೇಡಂ, ನನಗೂ ಅಷ್ಟೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಂಬರ್ ತಿರುಗಿಸಿದರೆ ನೇರ ಹೋಗುವ ಫೋನು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ರಿಸೀವರ್ ಎತ್ತಿದರೆ ಮೊದಲು ಸಿಗುವುದು ನಮ್ಮ ಧ್ವನಿ. ಯಾರು ಬೇಕೆಂದು ಕೇಳಿ, ತಂತಿಯನ್ನು ಇಲ್ಲಿಂದ ಕಿತ್ತು ಅಲ್ಲಿ ಚುಚ್ಚಿ, ಮಾತು ಸಿಕ್ಕಿತೇ ಎಂದು ಒಂದು ಕ್ಷಣ ಕಿವಿಗೊಟ್ಟು ಬಿಟ್ಟುಬಿಡಬೇಕು. ಆ ಒಂದು ಕ್ಷಣದಲ್ಲೇ ಊರಿನ ಗುಟ್ಟೆಲ್ಲ ಇರುತ್ತದೆ. ಅಡಿಕೆ ದರ, ಮುರಿದುಬಿದ್ದ ಸಂಬಂಧ, ಅಣ್ಣತಮ್ಮಂದಿರ ಹಿಸ್ಸೆಯ ಜಗಳ ಎಲ್ಲವೂ ಮೇಡಂಗೆ ಗೊತ್ತೆಂದು ಸೊರಬ ನಂಬಿತ್ತು. ಅವರು ರಸ್ತೆಯಲ್ಲಿ ಬಂದರೆ ಜಗುಲಿಯ ಮಾತು ನಿಲ್ಲುತ್ತಿತ್ತು. ಮಾತು ನಿಂತದ್ದು ತಮ್ಮ ವಿಷಯ ಆಡುತ್ತಿದ್ದುದಕ್ಕೇ ಎಂದು ಅವರು ನಂಬಿದ್ದರು. ನನಗೆ ಕಂಡಂತೆ ಎರಡು ಕಡೆಯವರ ನಂಬಿಕೆಯೂ ಸುಳ್ಳಾಗಿರಲಿಲ್ಲ.

ನಾನು ಶಿಕಾರಿಪುರದವಳು. ಬಿ.ಎ. ಮುಗಿಸಿ ಈ ಕೆಲಸ ಸಿಕ್ಕಿ ಸೊರಬಕ್ಕೆ ಬಂದಾಗ, ಒಂಟಿ ಹುಡುಗಿಗೆ ಮನೆ ಕೊಡುವವರಿಲ್ಲದೆ ಮೇಡಂ ಮನೆಯ ಮುಂದಿನ ಕೋಣೆಯೇ ಗತಿಯಾಯಿತು. ಮನೆ ಎಕ್ಸ್‌ಚೇಂಜಿನ ಹಿಂದಿನ ಸಾಲಿನಲ್ಲೇ ಇತ್ತು. ನನ್ನ ಕೋಣೆಗೂ ಅವರ ನಡುಮನೆಗೂ ಮಧ್ಯೆ ಒಂದು ಬಾಗಿಲು, ಆ ಬಾಗಿಲಿಗೆ ಅವರ ಕಡೆಯಿಂದ ಚಿಲಕ. ಕೋಣೆ ಕೊಡುವ ಮೊದಲು ಅವರು ಕೇಳಿದ್ದು ನನ್ನ ಜಾತಿಯನ್ನಲ್ಲ, ಊಟದ ಪದ್ಧತಿಯನ್ನೂ ಅಲ್ಲ. "ನಿದ್ದೇಲಿ ಮಾತಾಡೋ ಅಭ್ಯಾಸ ಇದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. "ಇದ್ರೂ ನಿಂಗೆ ಹ್ಯಾಂಗೆ ಗೊತ್ತಾಗ್ತದೆ ಬಿಡು" ಎಂದು ಬೀಗದ ಕೈ ಕೊಟ್ಟರು.

ಹಾಲಿನವನು ಅಳೆದು ಹೋದ ಮೇಲೆ ಹಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಚಹಾಪುಡಿಯನ್ನು ಒದ್ದೆ ಕಾಗದದ ಮೇಲೆ ಉದುರಿಸಿ, ಬಣ್ಣ ಬಿಟ್ಟರೆ ಪೊಟ್ಟಣ ಸಮೇತ ಅಂಗಡಿಗೆ ವಾಪಸ್ಸು. ಬಸ್ಸಿನಲ್ಲಿ ಪಕ್ಕದವರು ಪೆಪ್ಪರಮೆಂಟು ಕೊಟ್ಟರೆ ತೆಗೆದುಕೊಂಡು, ಇಳಿದ ಮೇಲೆ ಚರಂಡಿಗೆ ಎಸೆಯುತ್ತಿದ್ದರು. ತಾವೇ ಯಾರಿಗಾದರೂ ಫೋನು ಮಾಡಬೇಕಾದರೆ ಅರ್ಧ ವಾಕ್ಯದಲ್ಲಿ ಮಾತು ಮುಗಿಸುತ್ತಿದ್ದರು. "ತಂತಿ ಇದ್ದಲ್ಲಿ ಕಿವಿ ಇರ್ತದೆ ಮಾರಾಯ್ತಿ, ನಮ್ಮದೇ ಇಲ್ವಾ" ಎನ್ನುತ್ತಿದ್ದರು.

ಇಂಥವರು ಊರಿಗೆ ತಾವೇ ಒಂದು ಅನುಮಾನವಾದದ್ದು ಒಂದು ಲೋಟದಿಂದ. ಸಂಜೆ ಡ್ಯೂಟಿ ಮುಗಿಸಿ ಬಂದವರೇ ಕಿಟಕಿಯ ಪಕ್ಕ ಕೂತು, ಗಾಜಿನ ಲೋಟದಲ್ಲಿ ಕಂದು ಬಣ್ಣದ್ದೇನನ್ನೋ ಸುರಿದು, ಅದರಲ್ಲಿ ಐಸ್ ತುಂಡು ಹಾಕಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಸುರಿಯುತ್ತಿದ್ದದ್ದು ಬ್ರಾಂದಿ ಬಾಟಲಿಯಿಂದ. ನಮ್ಮ ಕಡೆ ಕಾಡಿನ ಜೇನು ಮಾರಲು ಬರುವವರು ತರುವುದೇ ಖಾಲಿ ಬ್ರಾಂದಿ ಬಾಟಲಿಗಳಲ್ಲಿ. ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಅಭಿಷೇಕದ ಜೇನುತುಪ್ಪ ಅಂಥ ಬಾಟಲಿಯಲ್ಲೇ ಇರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಬಾಟಲಿಯ ಪಕ್ಕದಲ್ಲಿ ಐಸ್ ಬಂದರೆ ಅದು ಜೇನಿನ ಬಾಟಲಿಯಾಗಿ ಉಳಿಯುವುದಿಲ್ಲ.

ನಾನು ಬಂದ ಮೊದಲ ಸಂಜೆಯೇ ಬಾಗಿಲ ಸಂದಿಯಿಂದ ಕಂಡೆ. ಕಂಡದ್ದು ಅವರಿಗೂ ಕಂಡಿತು. "ನೋಡೋ ಬದ್ಲು ಕುಡಿ" ಎಂದು ಲೋಟ ಮುಂದೆ ಹಿಡಿದರು. ಹಾಲಿಲ್ಲದ ಚಹಾ, ನಿಂಬೆ ಹಿಂಡಿದ್ದು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಸಿಹಿ ಮಾತ್ರ ಒಂದು ಚೂರೂ ಇರಲಿಲ್ಲ. ನನ್ನ ಮುಖ ನೋಡಿ, ಗೂಡಿನಿಂದ ಇನ್ನೊಂದು ಸಣ್ಣ ಶೀಸೆ ತೆಗೆದು ಎರಡು ಚಮಚ ಸಕ್ಕರೆ ಪಾಕ ಹಾಕಿ ಕೊಟ್ಟರು. ಆಮೇಲೆ ಇಡೀ ಬೇಸಿಗೆ ನಾನು ಅದನ್ನು ಬಿಟ್ಟಿರಲಿಲ್ಲ.

ಅವರಿಗೆ ಈ ರುಚಿ ಹತ್ತಿದ್ದು ಬೋರ್ಡಿನ ಮುಂದೆ. ಚಹಾ ತರಿಸಿ ಇನ್ನೇನು ತುಟಿಗಿಡಬೇಕು, ದೀಪ ಹತ್ತುತ್ತದೆ. ಕರೆ ಮುಗಿಸುವಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿರುತ್ತದೆ. ಹೀಗೆ ವರ್ಷಗಟ್ಟಲೆ ಆರಿದ ಚಹಾ ಕುಡಿದು ಬೇಸತ್ತು, ಆರಿದ್ದನ್ನು ಮತ್ತೆ ಕುದಿಸುವುದಕ್ಕಿಂತ ಇನ್ನಷ್ಟು ಆರಿಸುವುದೇ ಮೇಲೆಂದು ತೀರ್ಮಾನಿಸಿ ಹಾಲು ಬಿಟ್ಟರಂತೆ. ಮಾಡುವ ಕ್ರಮದಲ್ಲಿ ಮಾತ್ರ ಪೂಜೆಯ ಮಡಿ. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿಯೇ ಎಲೆ ಹಾಕಬೇಕು. ಎಲೆಯೊಂದಿಗೆ ಕುದಿಸಿದರೆ ತಣ್ಣಗಾದ ಮೇಲೆ ಒಗರು. ಬಟ್ಟೆಯಲ್ಲಿ ಸೋಸಿ, ತಾನಾಗಿ ಆರಲು ಬಿಟ್ಟು, ಆಮೇಲೆ ಫ್ರಿಜ್ಜಿಗೆ. ಬಿಸಿಯದನ್ನು ಒಳಗಿಟ್ಟರೆ ರಾಡಿಯಾಗುತ್ತದೆ. ಐಸಿಗೂ ಕುದಿಸಿ ಆರಿಸಿದ ನೀರೇ ಆಗಬೇಕು. ಐಸ್ ಕ್ಯಾಂಡಿ ಗಾಡಿಯವನ ಐಸನ್ನು ಮೀನಿನ ಬುಟ್ಟಿಯಲ್ಲಿ ಕಂಡಿದ್ದೇನೆಂದು ಅವರ ವಾದ. ಸಕ್ಕರೆಯನ್ನು ತಣ್ಣನೆಯದಕ್ಕೆ ಎಂದೂ ಹಾಕಕೂಡದು, ಕರಗದೆ ತಳದಲ್ಲಿ ಮರಳಿನಂತೆ ಕೂರುತ್ತದೆ, ಅದಕ್ಕೇ ಪಾಕ. ಆ ಪಾಕ ಬಂದವರಿಗೆ ಮಾತ್ರ. ತಮ್ಮ ಲೋಟಕ್ಕೆ ಅವರು ಒಂದು ಹನಿಯನ್ನೂ ಹಾಕಿಕೊಳ್ಳುತ್ತಿರಲಿಲ್ಲ.

ಇದನ್ನು ಮೊದಲು ಗಮನಿಸಿದ್ದು ನನ್ನ ಅಮ್ಮ. ನನ್ನನ್ನು ನೋಡಲು ಶಿಕಾರಿಪುರದಿಂದ ಬಂದಿದ್ದಳು. ಹಾಲಿಲ್ಲದ ಚಹಾ, ಅದೂ ತಣ್ಣಗಿನದು ಕೊಟ್ಟರೆ ಬಂದವರನ್ನು ಬೇಗ ಕಳಿಸುವ ಉಪಾಯ ಎಂದು ತಿಳಿಯುವ ಕಡೆಯವರು ನಾವು. ಅಮ್ಮ ಮೂರು ಸಲ ಪಾಕ ಕೇಳಿ ಹಾಕಿಸಿಕೊಂಡು, ಲೋಟ ಖಾಲಿ ಮಾಡಿ, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ಆಯಮ್ಮ ತನ್ನ ಲೋಟಕ್ಕೆ ಅದ್ನ ಹಾಕ್ಕಳ್ಳಿಲ್ಲ, ನೋಡಿದ್ಯಾ? ನಮಿಗೆ ಮಾತ್ರ ಯಾಕೆ ಹಾಕಿದ್ಲು?"

"ಹಂಗಾದ್ರೆ ಮೂರು ಸಲ ಯಾಕೆ ಹಾಕಿಸ್ಕಂಡಿ?"

"ರುಚಿ ಇತ್ತು" ಎಂದಳು ಅಮ್ಮ, ಅನುಮಾನ ಬಿಡದೆ.

ಇನ್ನೊಂದು ವಿಷಯವನ್ನೂ ಅಮ್ಮನೇ ತಂದಳು. ಮೇಡಂ ತಿಂಗಳಿಗೊಮ್ಮೆ ಶಿಕಾರಿಪುರದ ಬಸ್ಸು ಹತ್ತುತ್ತಿದ್ದರು. ಕೇಳಿದರೆ ಅಕ್ಕಮಹಾದೇವಿಯ ಊರು ಉಡುತಡಿಗೆ ಹೋಗಿ ಕೈಮುಗಿದು ಬರುತ್ತೇನೆ ಎನ್ನುತ್ತಿದ್ದರು. ಅಮ್ಮ ಅವರನ್ನು ಶಿಕಾರಿಪುರದ ಪೇಟೆಯಲ್ಲಿ ಎರಡು ಸಲ ಕಂಡಿದ್ದಳು. ಉಡುತಡಿಗೆ ಹೋದವಳು ಊದುಬತ್ತಿಯ ಬದಲು ಔಷಧಿ ಅಂಗಡಿಯ ಕವರು ಹಿಡಿದು ಬರುತ್ತಾಳಾ ಎಂದು ಅವಳ ಪ್ರಶ್ನೆ. ನಾನು ಮೇಡಂಗೆ ಅದನ್ನು ಕೇಳಲಿಲ್ಲ. ಅವರನ್ನು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ, ಯಾರು ಕೇಳಿಸಿದರು ಎಂಬ ವಿಚಾರಣೆ ಬರುತ್ತಿತ್ತು.

ಇಷ್ಟು ಗೊತ್ತಿದ್ದೇ ಆ ಸೋಮವಾರ ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ.

ತಪ್ಪು ಕರೆಯ ನಂತರ ಮಂಡಿಯವರು ಮತ್ತೆ ಕೇಳಿದರು. ಮೇಡಂ ತೊದಲುತ್ತಾ ಅವರಿಗೇ ಏನೋ ಗದರಿದರು. ನಾನು ತಂತಿ ಕಸಿದು ಕರೆ ಜೋಡಿಸಿ, ಏನಾಯಿತೆಂದು ಕೇಳಿದೆ. ನನ್ನನ್ನು ಗುರುತೇ ಇಲ್ಲದವರಂತೆ ದಿಟ್ಟಿಸಿ, ಎದ್ದು ಎರಡು ಹೆಜ್ಜೆ ಇಟ್ಟು ಬಾಗಿಲ ಚೌಕಟ್ಟಿಗೆ ಒರಗಿ, ಹಾಗೇ ಜಾರಿ ನೆಲಕ್ಕೆ ಕೂತರು. ಸದ್ದಿಗೆ ಹೊರಗಿದ್ದ ಲೈನ್‌ಮನ್ ಒಳಗೆ ಬಂದ. ಊರಿನ ಕಂಬಗಳನ್ನೆಲ್ಲ ಹತ್ತಿ ಇಳಿದ ಹಳೆಯ ಮನುಷ್ಯ, ಒಳ್ಳೆಯವನೇ. ಅವನ ಕಣ್ಣು ಮೇಡಂ ಮೇಲೆ ಒಂದು ಕ್ಷಣ ನಿಂತು ಮೇಜಿನ ಕೆಳಗಿನ ಚೀಲಕ್ಕೆ ಹೋಯಿತು. ಅದರಲ್ಲಿ ಬಾಟಲಿ, ಗಾಜಿನ ಲೋಟ, ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕು.

"ಇವತ್ತು ಡ್ಯೂಟಿಗೇ ತಂದ್ಬಿಟ್ಟಿದಾರೆ" ಎಂದ, ದುಃಖದಿಂದ.

ಅದು ಚಹಾ ಎಂದೆ. ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದೆ. ನಿಂಬೆಯ ವಾಸನೆ ಬಂತು. ನಿಂಬೆ ಹಿಂಡಿಕೊಂಡೇ ಅಲ್ಲವೇ ಎಲ್ಲರೂ ಕುಡಿಯುವುದು ಎಂದ. ನನಗೆ ತಡೆಯಲಾಗದೆ ಬಾಟಲಿಯಿಂದಲೇ ಎರಡು ಗುಟುಕು ಕುಡಿದು ತೋರಿಸಿದೆ. ಅಷ್ಟರಲ್ಲಿ ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಅವರು ಕಂಡದ್ದು ನೆಲದ ಮೇಲೆ ಒಬ್ಬಳು, ಬಾಟಲಿ ಬಾಯಿಗಿಟ್ಟುಕೊಂಡು ಇನ್ನೊಬ್ಬಳು. ವಾಪಸು ಹೋಗಿ ಚೊಂಬಿನ ತುಂಬ ಉಪ್ಪು ಕದಡಿದ ಹುಳಿ ಮಜ್ಜಿಗೆ ತಂದರು. ನಶೆ ಇಳಿಸಲು ಅದೇ ಮದ್ದು ಎಂದು ಎಲ್ಲರಿಗೂ ಗೊತ್ತು. ಅವರು ಕುಡಿಸಲು ನೋಡಿದರು, ಮೇಡಂ ಹಲ್ಲು ಕಚ್ಚಿಕೊಂಡರು, ಮಜ್ಜಿಗೆ ಸೀರೆಯ ಮೇಲೆಲ್ಲ ಹರಿಯಿತು. ಮಲಗಿಸಿಬಿಡಿ, ನಿದ್ದೆ ಮಾಡಿದರೆ ಇಳಿಯುತ್ತದೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಲೈನ್‌ಮನ್ ಚಾಪೆ ಹುಡುಕಲು ಹೋದ.

ಈಗಲೂ ನನ್ನನ್ನು ನಡುಗಿಸುವುದು ಆ ಚಾಪೆ. ಅವರಿಬ್ಬರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮರ್ಯಾದೆ ಉಳಿಸಲೆಂದೇ ಬಾಗಿಲು ಅರ್ಧ ಹಾಕಿ, ಮೆಲ್ಲಗೆ ಮಾತಾಡುತ್ತಿದ್ದರು. ಅಷ್ಟು ಪ್ರೀತಿಯಿಂದ ಮಲಗಿಸಿ ಬಿಟ್ಟಿದ್ದರೆ ಅವರು ಏಳುತ್ತಿರಲಿಲ್ಲ.

ಮೇಡಂ ಕೈ ಮುಟ್ಟಿದೆ. ಮೇ ತಿಂಗಳ ಸೆಕೆಯಲ್ಲಿ ಕೈ ಐಸಿನಂತಿತ್ತು. ಔಷಧಿ ಕವರು ನೆನಪಾಯಿತು. ಆದರೆ ಯಾವ ಡಾಕ್ಟರು, ಎಂಥ ಔಷಧಿ? ನನ್ನ ಕೈಯಲ್ಲಿ ಇದ್ದದ್ದು ಬೋರ್ಡು ಒಂದೇ. ಶಿಕಾರಿಪುರದ ತಂತಿ ಚುಚ್ಚಿದೆ. ಅಲ್ಲಿನ ಬೋರ್ಡಿನಲ್ಲಿದ್ದವರ ಮುಖವನ್ನು ನಾನು ಕಂಡವಳಲ್ಲ, ಧ್ವನಿ ಮಾತ್ರ ಪರಿಚಯ. ನಮ್ಮ ಮೇಡಂ ಅಲ್ಲಿ ಯಾವ ಡಾಕ್ಟರಿಗಾದರೂ ಫೋನು ಮಾಡುತ್ತಿದ್ದರಾ ಎಂದು ಕೇಳಿದೆ. ಅವರು ಹೀಗಾಗಿದ್ದಾರೆ, ಬೇಗ ಹೇಳಿ ಎಂದೆ.

"ನಾವು ಕೇಳಿಸ್ಕಳ್ಳಂಗಿಲ್ಲಮ್ಮ" ಎಂದಿತು ಧ್ವನಿ. ಆಮೇಲೆ ತಗ್ಗಿ, "ಸಕ್ಕರೆ ಕಾಯಿಲೆ ಐತೆ ಅವ್ರಿಗೆ. ಹೋದ ವಾರ ಮಾತ್ರೆ ಜಾಸ್ತಿ ಮಾಡಿದ್ರು. ಡಾಕ್ಟ್ರಿಗೆ ಲೈನ್ ಕೊಡ್ತೀನಿ ತಡಿ. ನಾನ್ ಹೇಳ್ದೆ ಅನ್ಬ್ಯಾಡ."

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಬೆಳಿಗ್ಗೆಯಿಂದ ಏನು ತಿಂದಿದ್ದಾರೆ ಎಂದು. ಸೋಮವಾರ ಅವರದು ಒಪ್ಪತ್ತು, ರಾತ್ರಿ ಪೂಜೆ ಮುಗಿಸಿಯೇ ಊಟ ಎಂದೆ. ಜಾಸ್ತಿಯಾದ ಮಾತ್ರೆ ನುಂಗಿ, ಹೊಟ್ಟೆಗೆ ಏನೂ ಇಲ್ಲದೆ, ಸಕ್ಕರೆಯಿಲ್ಲದ ಚಹಾದಲ್ಲೇ ದಿನ ತಳ್ಳಿದ್ದಾರೆ ಎಂದು ನಾನು ಹೇಳುತ್ತಿರುವಾಗಲೇ ನನಗೂ ಅರ್ಥವಾಗತೊಡಗಿತ್ತು. "ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಟ್ಟಿದೆ. ಸಕ್ಕರೆ ಕೊಡಮ್ಮ. ನುಂಗೋ ಶಕ್ತಿ ಇರೋವಾಗ್ಲೇ ಕೊಡು. ಆಮೇಲೆ ಆಸ್ಪತ್ರೆಗೆ ಕರ್ಕೊಂಡ್ ಹೋಗು" ಎಂದರು.

ಸಕ್ಕರೆ ಕಾಯಿಲೆಯಂತೆ, ಈಗ ಸಕ್ಕರೆ ಕೊಡಬೇಕಂತೆ ಎಂದು ನಾನು ಹೇಳಿದ ಕೂಡಲೇ ಲೈನ್‌ಮನ್ ಅಡ್ಡ ಬಂದ. "ಸಕ್ಕರೆ ಕಾಯಿಲೆ ಇರೋರಿಗೆ ಸಕ್ಕರೆ ಹಾಕ್ತೀಯನೇ? ಯಾರ್ ಹೇಳಿದ್ದು? ಫೋನಲ್ಲಿ ಯಾರು ಬೇಕಾದ್ರೂ ಡಾಕ್ಟ್ರು ಅಂತಾರೆ." ಎದುರುಮನೆಯವರಿಗೆ ಬೇರೆ ಚಿಂತೆ. ಎಷ್ಟೋ ವರ್ಷದಿಂದ ಬಿಡದೆ ನಡೆಸಿದ ಸೋಮವಾರ, ದೀಪ ಹಚ್ಚುವ ಮೊದಲು ಬಾಯಿಗೆ ಸಿಹಿ ಹಾಕಿ ವ್ರತ ಕೆಡಿಸಿದ ಪಾಪ ಯಾರಿಗೆ ಎಂದರು. ನನಗೇ ಇರಲಿ ಎಂದೆ.

ಎಕ್ಸ್‌ಚೇಂಜಿನ ಚಹಾ ಡಬ್ಬಿಯಲ್ಲಿ ಸಕ್ಕರೆ ಇತ್ತು. ಹಿಡಿ ಸಕ್ಕರೆಯನ್ನು ನೀರಿಗೆ ಹಾಕಿ ತುಟಿಗಿಟ್ಟೆ. ಅವರು ಒಂದು ಗುಟುಕಿಗೇ ಉಗಿದು, ನನ್ನ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ನೋಡಿದರು. ಮಾತು ನಾಲಿಗೆಯ ಮೇಲೆ ಹೊರಳುತ್ತಿರಲಿಲ್ಲ, ಆದರೂ ಕೇಳಿದರು.

"ಎಂತ... ಹಾಕಿದೀಯ ಇದ್ರಲ್ಲಿ?"

ಪ್ರಜ್ಞೆ ಹೋಗುತ್ತಿದ್ದರೂ ಅನುಮಾನ ಹೋಗಿರಲಿಲ್ಲ. ಅವರ ಲೋಟ, ಅವರ ಬಾಟಲಿಯ ಹೊರತು ಬೇರೇನನ್ನೂ ಬಾಯಿಗಿಡಲಾರರು ಎಂದು ಹೊಳೆದು, ಗಾಜಿನ ಲೋಟಕ್ಕೆ ಅವರದೇ ಚಹಾ ಸುರಿದು ಸಕ್ಕರೆ ಹಾಕಿ ಕಲಕಿದೆ. ಕರಗಲಿಲ್ಲ. ಎಷ್ಟು ಕಲಕಿದರೂ ಹರಳು ಸುತ್ತಿ ಸುತ್ತಿ ತಳಕ್ಕೆ ಕೂರುತ್ತಿತ್ತು, ಮೇಲಿನ ಚಹಾ ಸಪ್ಪೆಯಾಗಿಯೇ ಉಳಿಯಿತು. ಪಾಕ ಬೇಕು. ಅವರ ಸೊಂಟದಿಂದ ಬೀಗದ ಕೈ ಬಿಡಿಸಿಕೊಳ್ಳುವಾಗ ನನ್ನ ಮಣಿಕಟ್ಟನ್ನು ಹಿಡಿದರು, ಹಿಡಿತದಲ್ಲಿ ಬಲವಿರಲಿಲ್ಲ. ಹಿಂದಿನ ಸಾಲಿಗೆ ಓಡಿ, ಗೂಡಿನಲ್ಲಿದ್ದ ಶೀಸೆ ತಂದು ಅರ್ಧಕ್ಕರ್ಧ ಸುರಿದೆ. ಬಣ್ಣ ಬದಲಾಗಲಿಲ್ಲ, ತಳದಲ್ಲಿ ಏನೂ ಕೂರಲಿಲ್ಲ. ಮೇಲೆ ಎರಡು ಐಸ್ ತುಂಡು ಬಿಟ್ಟೆ.

"ನಿಮ್ದೇ ಚಹಾ ರೀ ಮೇಡಂ" ಎಂದೆ.

ಲೋಟ ನೋಡಿದರು. ಐಸ್ ನೋಡಿದರು. ಒಂದು ಗುಟುಕು ಇಳಿಯಿತು. ಇನ್ನೊಂದು. ಲೈನ್‌ಮನ್ ಚಾಪೆ ಹಿಡಿದು ನಿಂತೇ ಇದ್ದ. ಬೋರ್ಡಿನಲ್ಲಿ ದೀಪಗಳು ಒಂದೊಂದಾಗಿ ಹತ್ತಿ, ಸೊರಬದ ಅರ್ಧ ಊರು ರಿಸೀವರ್ ಹಿಡಿದು ಹಲೋ ಹಲೋ ಎನ್ನುತ್ತಿತ್ತು. ಲೋಟ ಖಾಲಿಯಾಗಿ ಇನ್ನೊಂದನ್ನು ಕುಡಿಸಿ ಸ್ವಲ್ಪ ಹೊತ್ತಾದ ಮೇಲೆ ಅವರ ಕಣ್ಣಿನಲ್ಲಿ ಯಾರೋ ವಾಪಸು ಬಂದು ಕೂತಂತಾಯಿತು. ಒದ್ದೆ ಸೀರೆ, ಮಜ್ಜಿಗೆ ಚೊಂಬು, ನಮ್ಮ ಮೂರು ಮುಖ, ಎಲ್ಲವನ್ನೂ ನಿಧಾನವಾಗಿ ನೋಡಿ ಕೇಳಿದರು: "ಬೋರ್ಡಲ್ಲಿ ಯಾರಿದಾರೆ?"

ಆಸ್ಪತ್ರೆಯಿಂದ ಮರುದಿನ ಮನೆಗೆ ಬಂದರು. ಕೃತಜ್ಞತೆಯ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ, ಬರಲೂ ಇಲ್ಲ. ಬಂದದ್ದು ವಿಚಾರಣೆ. ಡಾಕ್ಟರ ವಿಷಯ ನಿನಗೆ ಹೇಳಿದವರಾರು? ಯಾರೂ ಇಲ್ಲ ಎಂದೆ. ಯಾರೂ ಹೇಳದೆ ಡಾಕ್ಟರ ನಂಬರು ಕನಸಿನಲ್ಲಿ ಬಂತಾ ಎಂದರು. ಕೊನೆಗೊಂದು ದಿನ ತಾವಾಗಿಯೇ, "ಒಂಟಿ ಹೆಂಗಸಿಗೆ ಕಾಯಿಲೆ ಅಂತ ತಿಳಿದ್ರೆ ಊರೆಲ್ಲ ಡಾಕ್ಟ್ರಾಗ್ತದೆ ಕಣೆ. ಬೋರ್ಡಿಂದ ಎಬ್ಸಿ ಮನೇಲಿ ಕೂರಿಸ್ತಾರೆ. ಆಮೇಲೆ ನಾನು ಎಂತ ಮಾಡ್ಲಿ?" ಎಂದು ಹೇಳಿ ಎದ್ದು ಹೋದರು. ಅದರ ಮುಂದಿನ ತಿಂಗಳು ಶಿಕಾರಿಪುರಕ್ಕೆ ಕರೆ ಜೋಡಿಸಿಕೊಂಡವರು ಡಾಕ್ಟರು ಸಿಗುವ ಮೊದಲು ತಂತಿಗೇ ಹೇಳಿದರು: "ಶಿಕಾರಿಪುರದವ್ರೇ, ಹ್ಯಾಂಗೂ ಕೇಳ್ತೀರಿ. ಸಕ್ಕರೆ ಹತೋಟಿಗೆ ಬಂದಿದೆ. ಸೋಮವಾರ ಹಣ್ಣು ತಿಂತಾ ಇದೀನಿ. ಈಗ ಲೈನ್ ಕೊಡಿ." ಆ ಕಡೆಯ ಧ್ವನಿ "ಒಳ್ಳೇದಾತು ರೀ" ಎಂದು ಕೂಡಲೇ ಲೈನ್ ಕೊಟ್ಟಿತು.

ಊರು ತನ್ನ ತೀರ್ಮಾನ ಬದಲಿಸಲಿಲ್ಲ. ಸಕ್ಕರೆ ಕಾಯಿಲೆ ಎಂದು ಹೇಳಿ ಮುಚ್ಚಿಹಾಕಿದರು ಎಂಬುದು ಜಗುಲಿಗಳ ಮಾತು. ನಾನು ಬಾಟಲಿ ಎತ್ತಿ ಕುಡಿದದ್ದಂತೂ ನನಗಿಂತ ಮೊದಲು ಶಿಕಾರಿಪುರದ ನಮ್ಮ ಮನೆ ತಲುಪಿತ್ತು. ಎದುರುಮನೆಯವರು ಸಂಜೆಗೊಮ್ಮೆ ಮಜ್ಜಿಗೆ ಕಳಿಸುವುದನ್ನು ಶುರು ಮಾಡಿದರು. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದರು.

ನನ್ನ ನಿದ್ದೆ ಮಾತ್ರ ಹೋಗಿಬಿಟ್ಟಿತ್ತು. ಅಂಥ ಮಾತ್ರೆ ರಾತ್ರಿಯಲ್ಲೂ ಸಕ್ಕರೆಯನ್ನು ಮತ್ತೆ ಇಳಿಸಬಹುದು, ಒಂದೆರಡು ದಿನ ಎಬ್ಬಿಸಿ ಮಾತಾಡಿಸು ಎಂದು ಡಾಕ್ಟರು ಹೇಳಿದ್ದರು. ಒಂದೆರಡು ದಿನ ಕಳೆದು, ಮಾತ್ರೆ ಬದಲಾಗಿ, ಅವರು ಸುಧಾರಿಸಿಕೊಂಡ ಮೇಲೂ ನಾನು ಎದ್ದು ಎದ್ದು ನಡುಬಾಗಿಲಿಗೆ ಕಿವಿಯಿಡುತ್ತಿದ್ದೆ. ಉಸಿರು ಕೇಳಿಸದಿದ್ದರೆ ಬಡಿಯುತ್ತಿದ್ದೆ. ಅವರು ಒಳಗಿನಿಂದ ಬೈದರೆ ಸಮಾಧಾನವಾಗಿ ಮಲಗಲು ಹೋಗಿ, ಸೂರು ನೋಡುತ್ತಿದ್ದೆ. ಅವರಿಗೂ ನಿದ್ದೆಯಿಲ್ಲ. ಬಾಗಿಲಾಚೆ ಒಬ್ಬಳು ಕಿವಿಯಿಟ್ಟು ನಿಂತಿದ್ದಾಳೆಂದು ತಿಳಿದ ಮೇಲೆ ಅಂಥವರಿಗೆ ನಿದ್ದೆ ಹೇಗೆ ಬಂದೀತು?

ಮಳೆ ಹಿಡಿಯುವ ಮೊದಲಿನ ಒಂದು ಸಂಜೆ, ಇಬ್ಬರೂ ಕಿಟಕಿಯ ಬಳಿ ಕೂತು ಚಹಾ ಕುಡಿದು ಲೋಟ ಅಲ್ಲೇ ಬಿಟ್ಟು ಎದ್ದೆವು. ಮಲಗುವಾಗ ಚಿಲಕದ ಸದ್ದು ಕೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಕತ್ತಲಲ್ಲಿ ಅವರು ಹೇಳಿದ್ದು ಇಷ್ಟು: "ಬಾಗಿಲು ಬಡೀಬೇಡ. ಬಂದು ನೋಡ್ಕೊಂಡ್ ಹೋಗು."

ನೋಡಲು ಹೋಗಲಿಲ್ಲ. ಎಚ್ಚರವಾದಾಗ ಬಿಸಿಲು ಒಳಗೆ ಬಂದಿತ್ತು, ಯಾರೋ ಹೊರಬಾಗಿಲು ಬಡಿಯುತ್ತಿದ್ದರು. ಗಾಬರಿಯಿಂದ ನಡುಮನೆಗೆ ಓಡಿದರೆ ಮೇಡಂ ಆಗಷ್ಟೇ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಕೂತಿದ್ದರು. ಬಾಗಿಲು ತೆಗೆದೆ. ಲೈನ್‌ಮನ್ ನಿಂತಿದ್ದ. ನಮ್ಮಿಬ್ಬರದೂ ಡ್ಯೂಟಿಯ ಹೊತ್ತು ಮೀರಿದೆ, ಬೋರ್ಡಿನಲ್ಲಿ ರಾತ್ರಿಯವರು ಕೂಗಾಡುತ್ತಿದ್ದಾರೆ ಎಂದು ಹೇಳಲು ಬಂದವನು ಹೇಳುವುದನ್ನು ಅರ್ಧಕ್ಕೆ ನಿಲ್ಲಿಸಿದ. ನನ್ನ ಕೆದರಿದ ತಲೆ, ಹಿಂದೆ ಬಿಚ್ಚುಗೂದಲಲ್ಲಿ ಬಂದು ನಿಂತ ಮೇಡಂ, ಕಿಟಕಿಯ ಮೇಲೆ ಎರಡು ಗಾಜಿನ ಲೋಟ, ನಡುವೆ ಬಾಟಲಿ.

"ಎಂತ ನೋಡ್ತೀರಿ? ಒಳಗೆ ಬನ್ನಿ" ಎಂದರು ಮೇಡಂ. "ನಿಮಗೂ ಒಂದು ಲೋಟ ಹಾಕಿ ಕೊಡ್ತೀನಿ."

ಅವನು ಚಪ್ಪಲಿ ಹಾಕಿದ್ದ ಕಾಲನ್ನು ಹೊಸ್ತಿಲಿನಿಂದ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ ಮೇಡಂ" ಎಂದ. "ನಾನು ಡ್ಯೂಟಿ ಮೇಲಿದೀನಿ."